ಕೆಮ್ಮುವ ಊರು

ಈರುಳ್ಳಿ ಕೆಂಪಗಾಗುವ ಹೊತ್ತಿಗೆ ನೆನೆಸಿಟ್ಟ ಅವಲಕ್ಕಿ ಸಾಲುವುದಿಲ್ಲವೆಂದು ಗೊತ್ತಾಯಿತು. ಫೋಟೊಗೆ ಕಟ್ಟು ಹಾಕಿಸಲು ಬಂದ ಯಾರನ್ನೋ ನಮ್ಮನೆಯವರು ತಿಂಡಿಗೆ ಕೂರಿಸಿಕೊಂಡಿದ್ದರು. ಬಲಗೈಯಲ್ಲಿ ಸೌಟು ಆಡಿಸುತ್ತಲೇ ಎಡಗೈ ಚಾಚಿ ಹಿತ್ತಾಳೆ ಡಬ್ಬಿಯ ಮುಚ್ಚಳ ಎತ್ತಿದೆ.

'ನನ್ನ ಮೂಗು ತಾತನ ಮೂಗು,' ಎಂದಿತು ಡಬ್ಬಿ, ನನ್ನ ಮಗಳು ಮೇದಿನಿಯ ದನಿಯಲ್ಲಿ. 'ತಾತನಿಗಾದ್ರೆ ಕೆಳಗೆ ಮೀಸೆ ಇತ್ತು, ಯಾರೂ ಮೂಗು ನೋಡ್ತಿರಲಿಲ್ಲ. ನಾನೇನು ಮಾಡ್ಲಿ.'

ನಾನು ಕೆಮ್ಮಿದೆ. ಹಜಾರದಲ್ಲಿ ನಮ್ಮನೆಯವರು ಕೆಮ್ಮಿದರು. ಬಂದವರೂ ಈ ಊರಿನವರೇ ಇರಬೇಕು, ಅವರೂ ಕೆಮ್ಮಿದರು. ಎರಡು ಹಿಡಿ ಅವಲಕ್ಕಿ ತೆಗೆದುಕೊಂಡು ಮುಚ್ಚಳ ಒತ್ತಿದೆ. ಅಷ್ಟರಲ್ಲಿ ಮೇದಿನಿಯೇ ಅರ್ಧ ಜಡೆ ಹಿಡಿದುಕೊಂಡು ಬಂದು, 'ಅಮ್ಮ, ರಬ್ಬರ್ ಬ್ಯಾಂಡ್ ಎಲ್ಲಿಟ್ಟೆ' ಎಂದಳು. ನಾನು ಅವಳ ಮೂಗು ನೋಡಿ, ನೋಡಿದ್ದು ತಿಳಿಯದಿರಲೆಂದು ಬಾಣಲೆ ನೋಡಿದೆ.

ನಮ್ಮೂರಿನ ಮಕ್ಕಳಿಗೆ ಹದಿಮೂರೋ ಹದಿನಾಲ್ಕೋ ತುಂಬುತ್ತಿದ್ದಂತೆ ಅವರು ಬಾಯಿಬಿಟ್ಟು ಆಡದೆ ಉಳಿಸಿಕೊಂಡ ಮಾತೆಲ್ಲ ಮನೆಯ ಒಂದು ಪಾತ್ರೆಯಲ್ಲಿ ಹೋಗಿ ಕೂರುತ್ತದೆ. ಮುಚ್ಚಳ ತೆಗೆದಾಗ ಹೊರಗೆ ಬರುತ್ತದೆ. ಇಪ್ಪತ್ತರ ಹತ್ತಿರ ತಾನಾಗಿಯೇ ನಿಂತುಹೋಗುತ್ತದೆ. ಯಾವ ಪಾತ್ರೆ ಎಂಬುದು ಯಾರ ಕೈಯಲ್ಲೂ ಇಲ್ಲ. 'ನಿಮ್ಮ ಹುಡುಗಿ ಎಲ್ಲಿ ಕೂತಳು' ಎಂದು ಹೆಂಗಸರು ನಲ್ಲಿಯ ಹತ್ತಿರ ಕೇಳುತ್ತಾರೆ. 'ಉಪ್ಪಿನಕಾಯಿ ಜಾಡಿಲಿ ಕಣ್ರೀ' ಎಂದರೆ, 'ಅಯ್ಯೋ, ದಿನಕ್ಕೆರಡು ಸಲ ತೆಗೀಬೇಕಲ್ಲ' ಎಂದು ಮರುಗುತ್ತಾರೆ. ಅಟ್ಟದ ಮೇಲಿನ ಕಡುಬಿನ ಪಾತ್ರೆಯಲ್ಲಿ ಮಗ ಕೂತ ತಾಯಿಯನ್ನು ಕಂಡರೆ ಎಲ್ಲರಿಗೂ ಹೊಟ್ಟೆಕಿಚ್ಚು.

ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವಳು ಪಕ್ಕದ ಮನೆಯ ಪುಟ್ಟತಾಯಮ್ಮ. ಅವಳ ಮಗ ಲೋಹಿತ ಕೂತಿದ್ದು ಕುಕ್ಕರಿನಲ್ಲಿ. ಬೇಳೆಗೆಂದು ಇಟ್ಟರೆ ಮೊದಲ ವಿಶಲ್ಲಿಗೇ ಅವನು ಮನಸ್ಸು ಕೊಟ್ಟ ಹುಡುಗಿಯ ಹೆಸರು ಮೂರು ಬೀದಿಗೆ ಕೇಳುತ್ತಿತ್ತು. ಒಬ್ಬ ತಂದೆ ಪಂಚೆ ಎತ್ತಿ ಕಟ್ಟಿಕೊಂಡು ನ್ಯಾಯ ಕೇಳಲು ಬಂದ. ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡನೆಯ ವಿಶಲ್ ಬೇರೊಬ್ಬಳ ಹೆಸರು ಕೂಗಿತು. ಆತ ಅಲ್ಲೇ ನಿಂತು ಕೆಮ್ಮಿ, 'ಒಂದು ಲೋಟ ನೀರು ಕೊಡಿ ತಾಯಿ' ಎಂದು ಕುಡಿದು ಹೊರಟುಹೋದ. ಆವತ್ತಿನಿಂದ ಪುಟ್ಟತಾಯಮ್ಮ ತೆರೆದ ಪಾತ್ರೆಯಲ್ಲೇ ಬೇಳೆ ಬೇಯಿಸುತ್ತಾಳೆ. ಬೇಳೆ ಬೇಯುವುದಿಲ್ಲ. ಮನೆಯವರು ಅಗಿದು ತಿನ್ನುತ್ತಾರೆ.

ಪಾತ್ರೆ ಮಾತಾಡಿದಾಗ ದೊಡ್ಡವರು ಕೆಮ್ಮಬೇಕು. ಕೇಳಿಸಿಲ್ಲ ಎಂದು ಅದರ ಅರ್ಥ. ಹಾಗಾಗಿ ಅಡುಗೆಯ ಹೊತ್ತಿನಲ್ಲಿ ಊರಿಗೆ ಊರೇ ಕೆಮ್ಮುತ್ತದೆ. ಒಮ್ಮೆ ಹೊರಗಿನಿಂದ ಆರೋಗ್ಯ ಇಲಾಖೆಯವರು ಕಫ ಪರೀಕ್ಷೆಯ ಡಬ್ಬಗಳನ್ನು ಜೀಪಿನಲ್ಲಿ ತುಂಬಿಕೊಂಡು ಬಂದು, ಯಾರಲ್ಲೂ ಕಫವೇ ಇಲ್ಲವೆಂದು ತಲೆ ಕೆರೆದುಕೊಂಡು ವಾಪಸಾದರು. ಕೆಮ್ಮುವುದರ ಜೊತೆಗೆ ಇನ್ನೊಂದು ಕಟ್ಟಳೆಯೂ ಇದೆ. ಪಾತ್ರೆಗೆ ಉತ್ತರ ಕೊಡಬಾರದು. ಕೊಟ್ಟರೆ ಕೊಟ್ಟವರ ಮಾತೂ ಅದರೊಳಗೆ ಸೇರಿಬಿಡುತ್ತದೆ. 'ಮಕ್ಕಳ ಹೊಟ್ಟೇಲಿರೋದು ಬಂದ್ರೆ ಮನೆ ತಡ್ಕೊಳುತ್ತೆ, ನಮ್ಮ ಹೊಟ್ಟೇಲಿರೋದು ಬಂದ್ರೆ ಏನು ಗತಿ' ಎನ್ನುತ್ತಿದ್ದಳು ನಮ್ಮಮ್ಮ. ಆದ್ದರಿಂದ ಯಾರೂ ಉತ್ತರ ಕೊಟ್ಟವರಿಲ್ಲ.

ಮೇದಿನಿ ನಮ್ಮ ಬೀದಿಯ ನಗೆಹಬ್ಬ. ಅವರ ಹೆಡ್‌ಮಿಸ್ಸು ಸ್ಕೂಟರ್ ಹತ್ತುವುದನ್ನು ಅವಳು ಮಾಡಿ ತೋರಿಸಿದರೆ ಪುಟ್ಟತಾಯಮ್ಮ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಕೂರುತ್ತಿದ್ದಳು. ಅವಳು ತಾನೇ ನಕ್ಕರೆ ಕೊನೆಯಲ್ಲಿ ಮೂಗಿನಿಂದ ಗೊರ್ ಎಂದು ಒಂದು ಸದ್ದು ಬರುತ್ತಿತ್ತು. ಆ ಸದ್ದಿಗೆ ಅವಳಿಗೇ ಮತ್ತೆ ನಗು ಬಂದು ಮತ್ತೆ ಗೊರ್ ಎನ್ನುತ್ತಿದ್ದಳು. ನಿಲ್ಲಿಸಲು ನೀರು ಕುಡಿಸಬೇಕಾಗುತ್ತಿತ್ತು.

ಡಬ್ಬಿಯೂ ಹಾಗೇ ಇತ್ತು. 'ರಸಾಯನಶಾಸ್ತ್ರ ಕಂಡುಹಿಡಿದವನನ್ನ ಅದರಲ್ಲೇ ಅದ್ದಬೇಕು,' ಎನ್ನುತ್ತಿತ್ತು. 'ಲೋಹಿತನ ಕುಕ್ಕರ್ ಎಲ್ಲರ ಹೆಸರೂ ಕೂಗ್ತು, ನನ್ನದೊಂದು ಬಿಟ್ಟು. ನನಗೇನು ಅವನು ಬೇಕಾಗಿಲ್ಲ. ಆದ್ರೂ ಕೂಗಬಹುದಿತ್ತು.' ನಾನು ಕೆಮ್ಮುವ ನೆಪದಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದೆ.

ಅವಳು ಕಾಲೇಜಿಗೆ ಸೇರಿದ ವರ್ಷದ ಚಳಿಗಾಲದಲ್ಲಿ ಡಬ್ಬಿಯ ಮಾತು ತೆಳ್ಳಗಾಗತೊಡಗಿತು. ಮೊದಮೊದಲು, 'ಸುಸ್ತು' ಎನ್ನುತ್ತಿತ್ತು. ಆಮೇಲೆ, 'ಬೆಳಿಗ್ಗೆ ಎದ್ದು ಹಲ್ಲುಜ್ಜೋದೇ ಬೆಟ್ಟ ಹತ್ತಿದ ಹಾಗೆ.' ಇನ್ನೊಂದು ದಿನ, 'ಇವತ್ತೂ ಎಲ್ಲರನ್ನೂ ನಗಿಸಿದೆ. ಯಾರಿಗೂ ಗೊತ್ತಾಗಲಿಲ್ಲ.' ನಾನು ಕೆಮ್ಮಿದೆ. ಹೊರಗೆ ಬಂದು ನೋಡಿದರೆ ಹುಡುಗಿ ಜಗಲಿಯಲ್ಲಿ ಹೆಡ್‌ಮಿಸ್ಸಿನ ಸ್ಕೂಟರ್ ಹತ್ತುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಕೊನೆಯ ಗೊರ್ ಬರಲೆಂದು ಕಾದೆ. ಬರಲಿಲ್ಲ.

ಸಂಕ್ರಾಂತಿಗೆ ಎಳ್ಳು ಬೆರೆಸುತ್ತಿದ್ದಾಗ ಯಾವುದಕ್ಕೋ ಡಬ್ಬಿ ತೆಗೆದೆ. 'ನಾನು ಇಲ್ಲದೇ ಇದ್ದಿದ್ರೆ ಈ ಮನೆ ಎಷ್ಟು ಹಗುರ ಇರ್ತಿತ್ತು' ಎಂದಿತು. ಅಳುವಿನ ದನಿಯಲ್ಲ. ಸಾರಿಗೆ ಉಪ್ಪು ಸಾಕು ಎನ್ನುವ ದನಿ. ನನಗೆ ಕೆಮ್ಮಲೂ ಆಗಲಿಲ್ಲ. ಮುಚ್ಚಳ ಒತ್ತಿ ಅದರ ಮೇಲೆ ರುಬ್ಬುಗುಂಡು ಎತ್ತಿಟ್ಟು ಪಕ್ಕದ ಮನೆಗೆ ಓಡಿದೆ.

'ಅದಕ್ಯಾಕೆ ಹಿಂಗೆ ನಡುಗ್ತೀಯ ಮಂಗಳಕ್ಕ,' ಎಂದಳು ಪುಟ್ಟತಾಯಮ್ಮ. 'ಕಿಲುಬು ಹಿಡಿದಿದೆ ಅಷ್ಟೆ. ಒಂದು ಕಲಾಯಿ ಹಾಕ್ಸು. ನನ್ನ ತಂಗಿ ಮಗಂದು ತಂಬಿಗೆ ಬರೀ ಹೊಲಸು ಮಾತಾಡ್ತಿತ್ತು. ಕಲಾಯಿ ಆದ್ಮೇಲೆ ನೋಡು, ಶ್ಲೋಕ ಹೇಳುತ್ತೆ.'

'ನಿನ್ನ ಕುಕ್ಕರಿಗೆ ಯಾಕೆ ಹಾಕ್ಸಲಿಲ್ಲ ಮತ್ತೆ.'

'ಅಲ್ಯೂಮಿನಿಯಂಗೆ ಕಲಾಯಿ ಹಿಡಿಯಲ್ಲ ಕಣೆ, ಹಿಡಿದಿದ್ರೆ ನಾನು ಹಿಂಗೆ ಬೇಳೆ ಅಗೀತಿದ್ನಾ.'

ಕಲಾಯಿ ಮುನಿಸ್ವಾಮಿ ಅರಳಿಕಟ್ಟೆಯ ಪಕ್ಕದಲ್ಲಿ ತಿದಿ ಹೂಡಿದ್ದ. ಡಬ್ಬಿಯನ್ನು ತಿರುಗಿಸಿ ನೋಡಿ, 'ಬೈಗುಳಕ್ಕಾ, ಪ್ರೀತಿಗಾ, ಅಳುವಿಗಾ' ಎಂದು ಕೇಳಿದ. 'ಅಳುವಿಗೆ' ಎಂದೆ. 'ಹಂಗಾದ್ರೆ ಎರಡು ಕೈ ಹಾಕ್ತೀನಿ. ಕನ್ನಡಿ ಥರ ಹೊಳೀಬೇಕು, ಮಾತೂ ಹೊಳೀಬೇಕು.' ಬೆಂಕಿಯ ಮೇಲೆ ಡಬ್ಬಿ ಕಾಯಿತು, ನವಸಾಗರದ ಬಿಳಿ ಹೊಗೆ ಎದ್ದಿತು, ಕರಗಿದ ತವರ ಬೆಳ್ಳಿಯ ಹಾಗೆ ಓಡಾಡಿತು. ಆರಿದ ಮೇಲೆ ಮುಚ್ಚಳ ಹಾಕಿ ತೆಗೆದ.

'ಎಲ್ಲಾ ಚೆನ್ನಾಗಿದೆ,' ಎಂದಿತು ಡಬ್ಬಿ. ಮೇದಿನಿಯದೇ ದನಿ, ಆದರೆ ಗಾಜಿನ ಬಳೆಯಂಥ ದನಿ. 'ಎಲ್ಲಾ ಸೂಪರಾಗಿದೆ.'

ಕಟ್ಟೆಯ ಮೇಲಿದ್ದವರು ತಲೆದೂಗಿದರು. ಆ ವಾರ ಬೀದಿಯ ಹೆಂಗಸರೆಲ್ಲ ಹಂಡೆ, ತಪ್ಪಲೆ, ಕೊಳಗ ಹೊತ್ತುಕೊಂಡು ಕಟ್ಟೆಗೆ ಮೆರವಣಿಗೆ ಹೋದರು. ಯಾರ ಮನೆಯ ಮುಚ್ಚಳ ತೆಗೆದರೂ ಎಲ್ಲಾ ಚೆನ್ನಾಗಿದೆ, ಎಲ್ಲಾ ಸೂಪರಾಗಿದೆ. ಕೆಮ್ಮುವ ಕೆಲಸವೇ ಇಲ್ಲ. ತನ್ನ ಕುಕ್ಕರಿಗೆ ಮಾತ್ರ ಕಲಾಯಿ ಹಿಡಿಯದ ಕೋಪಕ್ಕೆ ಪುಟ್ಟತಾಯಮ್ಮ ಅದನ್ನು ಹಿತ್ತಲಿಗೆ ಎಸೆದಳು. ಅದು ಕಲ್ಲಿಗೆ ತಾಗಿ ಉರುಳುತ್ತ ಉರುಳುತ್ತ ಒಬ್ಬ ಹುಡುಗಿಯ ಹೆಸರು ಹೇಳಿತು. ಅದು ನಮ್ಮ ಮೇದಿನಿಯ ಹೆಸರು. ಪುಟ್ಟತಾಯಮ್ಮ ಬೇಲಿಯಾಚೆ ನಿಂತಿದ್ದ ನನ್ನನ್ನು ನೋಡಿ ಕೆಮ್ಮಿದಳು, ಅಷ್ಟು ಜೋರಾಗಿ ಅವಳು ಎಂದೂ ಕೆಮ್ಮಿರಲಿಲ್ಲ. ನಾನು ಒಳಗೆ ಬಂದು ಬಹಳ ಹೊತ್ತು ನಕ್ಕೆ. ಮಗಳಿಗೆ ಹೇಳಬೇಕೆನ್ನಿಸಿತು. ಪಾತ್ರೆಯಿಂದ ಕೇಳಿದ್ದನ್ನು ಮಕ್ಕಳಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ.

ಅವತ್ತು ಸಂಜೆ ಮೇದಿನಿ ಬಂದು ಚೀಲ ಇಳಿಸಿ ಹಾಗೇ ಗೋಡೆಗೆ ಒರಗಿ ಕೂತಳು. ಊಟ ಬೇಡವೆಂದಳು. ಹಿಂದಿನ ದಿನವೂ ಬೇಡವೆಂದಿದ್ದಳು. 'ಯಾಕೆ ಪುಟ್ಟಿ, ಹೇಗಿದೀಯ' ಎಂದೆ.

'ಎಲ್ಲಾ ಚೆನ್ನಾಗಿದೆ,' ಎಂದಳು.

ಗಾಜಿನ ಬಳೆಯಂಥ ಅದೇ ದನಿ. ಹುಡುಗಿಗೆ ಹೊರಗೆ ಹೇಳಲು ಆಗದ್ದನ್ನು ಹೇಳಿಕೊಳ್ಳಲು ಇದ್ದದ್ದು ಒಂದು ಡಬ್ಬಿ. ನಾನು ಅದರ ಬಾಯಿಗೂ ತವರ ಬಳಿಸಿಕೊಂಡು ಬಂದಿದ್ದೆ.

ಮರುದಿನ ಅವಳು ಕಾಲೇಜಿಗೆ, ನಮ್ಮನೆಯವರು ಫೋಟೊ ಕಟ್ಟಿನ ಅಂಗಡಿಗೆ ಹೋದ ಮೇಲೆ ಅವಲಕ್ಕಿಯನ್ನು ಮೊರಕ್ಕೆ ಸುರಿದು ಡಬ್ಬಿಯನ್ನು ಹಿತ್ತಲ ಕಲ್ಲಿನ ಮೇಲೆ ತಂದಿಟ್ಟುಕೊಂಡೆ. ಕರಟದ ಚೂರು, ಮರಳು, ಹುಣಸೆಹಣ್ಣು. ಕಾಲ ನಡುವೆ ಡಬ್ಬಿ ಒತ್ತಿ ಹಿಡಿದು ಉಜ್ಜತೊಡಗಿದೆ. ಮುನಿಸ್ವಾಮಿಯ ಎರಡು ಕೈ ಕೆಲಸ ಸುಲಭಕ್ಕೆ ಬಿಡಲಿಲ್ಲ. 'ಎಲ್ಲಾ ಚೆ', 'ಎಲ್ಲಾ ಸೂ' ಎಂದು ಡಬ್ಬಿ ಪ್ರತಿ ಉಜ್ಜಿಗೂ ಕಿರುಗುಟ್ಟಿತು. ಬೇಲಿಯಾಚೆಯಿಂದ ಪುಟ್ಟತಾಯಮ್ಮ, 'ಮಂಗಳಕ್ಕ, ತಲೆ ಕೆಟ್ಟಿದೆಯಾ, ಹೊಸ ಕಲಾಯಿ ಅದು' ಎಂದಳು. 'ನಿಂಗ್ಯಾಕೆ, ಹೋಗಿ ಕುಕ್ಕರ್ ಎತ್ಕೋ, ನಮ್ಮ ಬೀಗಿತ್ತಿ' ಎಂದೆ. ಅವಳು ಕೆಮ್ಮುತ್ತ ಒಳಗೆ ಹೋದಳು.

ತಳದಲ್ಲಿ ಒಂದು ಬೊಟ್ಟಿನಗಲ ಹಿತ್ತಾಳೆ ಕಂಡಿತು. ಒಳಗಿನಿಂದ ಸಣ್ಣ ದನಿ, ಬಾವಿಯ ತಳದಿಂದ ಬಂದ ಹಾಗೆ: 'ಯಾರಾದ್ರೂ ಇದೀರಾ.'

ನಾನು ಅವಳ ವಯಸ್ಸಿನವಳಾಗಿದ್ದಾಗ ಕೂತಿದ್ದು ಅಜ್ಜಿಯ ಎಲೆ ಅಡಿಕೆ ಪೆಟ್ಟಿಗೆಯಲ್ಲಿ. ಅಜ್ಜಿ ಊಟವಾದಾಗಲೆಲ್ಲ ಪೆಟ್ಟಿಗೆ ತೆಗೆಯುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತು, ಇವತ್ತಾದರೂ ಯಾರಾದರೂ ಒಬ್ಬರು ಕೆಮ್ಮದೇ ಇರಲಿ ಎಂದು ಕಾಯುತ್ತಿದ್ದೆ. ಎಲ್ಲರೂ ಕೆಮ್ಮುತ್ತಿದ್ದರು. ಒಳ್ಳೆಯವರು, ನನ್ನ ಮಾನ ಕಾಯುತ್ತಿದ್ದರು.

ಡಬ್ಬಿಯೊಳಗೆ ಮುಖ ಇಳಿಸಿ, 'ಇದೀನಿ ಕಣೇ' ಎಂದೆ.

ಆಕಾಶ ಬೀಳಲಿಲ್ಲ. ಹಿತ್ತಲಿನ ಬಾಳೆ ಎಲೆ ಹಾಗೇ ಅಲ್ಲಾಡಿತು. ಧೈರ್ಯ ಬಂದು ಇನ್ನೂ ಹೇಳಿದೆ. ನನಗೂ ಆ ವಯಸ್ಸಿನಲ್ಲಿ ಹಾಸಿಗೆಯಿಂದ ಏಳಲಾಗದ ದಿನಗಳಿದ್ದವು ಎಂದೆ. ನೀನು ಇರುವುದು ಭಾರವಲ್ಲ, ನೀನಿಲ್ಲದ ಮನೆಯನ್ನು ನಾನು ಗುಡಿಸಲಾರೆ, ಒರೆಸಲಾರೆ, ಅದರಲ್ಲಿ ನಿಲ್ಲಲಾರೆ ಎಂದೆ. ಹೇಳಿ ಹೇಳಿ ಮೂಗು ಕಟ್ಟಿತು. ಡಬ್ಬಿ ತೊಳೆದು ಒಣಗಿಸಿ ಅವಲಕ್ಕಿ ತುಂಬಿ ಜಾಗಕ್ಕಿಟ್ಟೆ.

ಸಂಜೆ ನಾನು ಮಾಳಿಗೆಯಿಂದ ಬಟ್ಟೆ ತರುವಷ್ಟರಲ್ಲಿ ಮೇದಿನಿ ಬಂದು, ಹಸಿವಾಗಿತ್ತೋ ಏನೋ, ತಾನೇ ಅಡುಗೆಮನೆಗೆ ಹೋಗಿದ್ದಳು. ಮಕ್ಕಳು ಸಾಮಾನ್ಯವಾಗಿ ತಮ್ಮ ಪಾತ್ರೆಯ ಹತ್ತಿರ ಸುಳಿಯುವುದಿಲ್ಲ. ನಾನು ಮೆಟ್ಟಿಲಿಳಿಯುತ್ತಿದ್ದಾಗ ಮುಚ್ಚಳ ತೆಗೆದ ಸದ್ದು ಕೇಳಿತು, ಅದರ ಹಿಂದೆಯೇ ನನ್ನ ದನಿ ಕೇಳಿತು. ಆದರೆ ಅದು ನಾನು ಹಿತ್ತಲಿನಲ್ಲಿ ಆಡಿದ ಮಾತಲ್ಲ. ನಾನು ಇಷ್ಟು ವರ್ಷ ಆಡದೆ ಬಿಟ್ಟ ಮಾತು.

'ನನಗೆ ಅವಲಕ್ಕಿ ಅಂದ್ರೆ ಆಗಲ್ಲ,' ಎನ್ನುತ್ತಿತ್ತು ಡಬ್ಬಿ. 'ಮದುವೆಯಾದ ಮೊದಲನೇ ದಿನ ಚೆನ್ನಾಗಿದೆ ಅಂದ್ಬಿಟ್ಟೆ. ಅವತ್ತಿಂದ ಅವಲಕ್ಕಿ, ಅವಲಕ್ಕಿ, ಅವಲಕ್ಕಿ. ಪುಟ್ಟತಾಯಮ್ಮನ ಹಸಿರು ಸೀರೆ ಹಾಗಲಕಾಯಿ ಥರ ಇದೆ. ನಮ್ಮನೆಯವರು ಕಟ್ಟು ಹಾಕಿದ ಫೋಟೊ ಒಂದಾದ್ರೂ ನೆಟ್ಟಗಿದೆಯಾ. ನನ್ನ ಮಗು ನಗೋದು ಬಿಟ್ಟಿದೆ. ನನಗೆ ಭಯ. ನನಗೆ ತುಂಬಾ ಭಯ.'

ಬಟ್ಟೆಗಳನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತೆ. ಮೇದಿನಿ ಮುಚ್ಚಳ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. ಬಾಯಿ ಒಂದು ಥರಾ ಸೊಟ್ಟಗಾಗುತ್ತಿತ್ತು. ಅಳುತ್ತಾಳೆ ಎಂದುಕೊಂಡೆ.

'ಹಾಗಲಕಾಯಿ,' ಎಂದಳು ಅವಳು. ಆಮೇಲೆ ಮೂಗಿನಿಂದ ಗೊರ್ ಎಂದಳು.

ನಾವಿಬ್ಬರೂ ನೆಲದ ಮೇಲೆ ಕೂತುಬಿಟ್ಟೆವು. ಅವಳು ಗೊರ್ ಎಂದರೆ ನಾನು ನಗುವುದು, ನಾನು ನಕ್ಕರೆ ಅವಳು ಗೊರ್ ಎನ್ನುವುದು, ಡಬ್ಬಿ ಮಗುಚಿ ಅವಲಕ್ಕಿಯೆಲ್ಲ ಚೆಲ್ಲಿತು, ಅದಕ್ಕೂ ನಕ್ಕೆವು. 'ಅಮ್ಮ, ನೀನು ಡಬ್ಬಿಲಿ ಕೂತ್ಬಿಟ್ಟೆ,' ಎಂದಳು ಉಸಿರು ಹಿಡಿದು. 'ಅದೂ ಈ ವಯಸ್ಸಲ್ಲಿ.' ನಗುತ್ತ ನಗುತ್ತಲೇ ಅವಳ ನಗು ಬೇರೆಯಾಯಿತು. ತಲೆ ನನ್ನ ತೊಡೆಯ ಮೇಲೆ ಬಿತ್ತು. ಬಹಳ ಹೊತ್ತು ಅತ್ತಳು. ನಾನು ಅವಳ ತಲೆಯಲ್ಲಿ ಸಿಕ್ಕಿಕೊಂಡ ಅವಲಕ್ಕಿ ಹೆಕ್ಕುತ್ತಿದ್ದೆ.

'ಸಾಯಬೇಕು ಅನ್ಸುತ್ತೇನೇ' ಎಂದು ಕೇಳಿದೆ. ಕೇಳಿದ ಮೇಲೆ ನನಗೇ ಗಾಬರಿಯಾಯಿತು.

'ಹಂಗಲ್ಲ. ಇಲ್ದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ. ಒಂದೊಂದ್ಸಲ.' ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಂಡು, 'ನೀನು ಕೇಳಿದ್ದು ಒಳ್ಳೇದಾಯ್ತು,' ಎಂದಳು.

ಸೇತುವೆಯಾಚೆಯ ದೊಡ್ಡಾಸ್ಪತ್ರೆಗೆ ಗುರುವಾರ ಗುರುವಾರ ಮನಸ್ಸಿನ ಡಾಕ್ಟರು ಬರುತ್ತಾರೆ. ಹೋಗೋಣ ಎಂದೆ. ಅವಳು ಎದ್ದು ಚೆಲ್ಲಿದ ಅವಲಕ್ಕಿ ಗುಡಿಸತೊಡಗಿದಳು.

ಮಾರನೆಯ ಬೆಳಿಗ್ಗೆ ನಮ್ಮನೆಯವರು ನೀರು ಕುಡಿಯಲು ಅಡುಗೆಮನೆಗೆ ಬಂದಿದ್ದಾಗಲೇ ನಾನು ಡಬ್ಬಿ ತೆಗೆಯಬೇಕಾಯಿತು. 'ಫೋಟೊ ಒಂದಾದ್ರೂ ನೆಟ್ಟಗಿದೆಯಾ' ಎಂದಿತು ನನ್ನ ದನಿಯಲ್ಲಿ. ಅವರು ಲೋಟ ಹಿಡಿದಲ್ಲೇ ನಿಂತರು. ಆಮೇಲೆ ಮೇದಿನಿಯ ದನಿ ಬಂತು: 'ಡಾಕ್ಟರ ಹತ್ರ ಹೋಗಬೇಕು ಅಂತ ಇದೆ. ಆದ್ರೆ ಸೇತುವೆ ದಾಟಿದ್ರೆ ಡಬ್ಬಿ ಮಾತಾಡಲ್ಲ. ಆ ಕುರ್ಚಿಲಿ ಕೂತು ಮೊದಲನೇ ಮಾತು ಬಾಯಿಂದ ಹೆಂಗೆ ತೆಗೀಲಿ.'

ನಮ್ಮನೆಯವರ ಗಂಟಲಲ್ಲಿ ಕೆಮ್ಮು ಎದ್ದದ್ದು ಕಂಡಿತು. ಗಂಟಲ ಮಣಿ ಮೇಲೆ ಹೋಯಿತು, ಕೆಳಗೆ ಬಂತು. ಅವರು ಅದನ್ನು ನೀರಿನ ಜೊತೆ ನುಂಗಿದರು. 'ಗುರುವಾರ ಅಂಗಡಿ ಮುಚ್ತೀನಿ,' ಎಂದರು ನಲ್ಲಿಯ ಕಡೆ ನೋಡುತ್ತ. 'ಬಸ್‌ಸ್ಟ್ಯಾಂಡ್ ತನಕ ನಿಮ್ಮಿಬ್ಬರನ್ನೂ ಬಿಡ್ತೀನಿ. ಬೇಕಾದ್ರೆ ಆಸ್ಪತ್ರೆ ತನಕಾನೂ.' ಬಾಗಿಲ ಹತ್ತಿರ ನಿಂತು, 'ನಿನಗೆ ಅವಲಕ್ಕಿ ಆಗಲ್ಲ ಅಂತ ನಿನ್ನೆ ಮೇದಿನಿ ಹೇಳಿದ್ಲು. ನನಗೂ ಅಷ್ಟೇನೂ ಆಗಲ್ಲ. ನೀನು ಇಷ್ಟಪಟ್ಟು ಮಾಡ್ತೀಯ ಅಂತ,' ಎಂದು ಹೊರಟುಹೋದರು.

ಅವರ ಬೆನ್ನು ಮರೆಯಾಗುವ ತನಕ ನಗು ತಡೆದುಕೊಂಡೆ.

ಇವತ್ತು ಬುಧವಾರ. ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೇನೆ. ಮೇದಿನಿ ಇನ್ನೂ ಹಾಸಿಗೆಯಲ್ಲೇ ಇದ್ದಾಳೆ. ಬೆಟ್ಟ ಹತ್ತುತ್ತಿದ್ದಾಳೆ, ಹತ್ತಲಿ ಎಂದು ಬಿಟ್ಟಿದ್ದೇನೆ. ಪಕ್ಕದ ಮನೆಯ ಕುಕ್ಕರ್ ಬಹಳ ದಿನಗಳ ಮೇಲೆ ವಿಶಲ್ ಹಾಕಿ ನನ್ನ ಮಗಳ ಹೆಸರು ಕೂಗಿತು. ಬೀದಿ ಕೆಮ್ಮಿತು. ಒಳಕೋಣೆಯಲ್ಲಿ ಹೊದಿಕೆ ಒಮ್ಮೆ ಅಲ್ಲಾಡಿದ ಸದ್ದಾಯಿತು.

ರವೆ ತಿರುವುತ್ತ ನಾಳೆಯ ಆ ಕೋಣೆಯನ್ನು ಯೋಚಿಸಿದೆ. ಒಂದು ಮೇಜು, ಡಾಕ್ಟರು, ಅವರ ಎದುರಿಗೆ ಒಂದು ಕುರ್ಚಿ. ಮಗಳು ಬಾಗಿಲಲ್ಲಿ ನಿಂತು ಆ ಕುರ್ಚಿ ನೋಡುತ್ತಾಳೆ. ಆಗ ಅವಳನ್ನು ದಾಟಿಕೊಂಡು ಹೋಗಿ ಅದರಲ್ಲಿ ಮೊದಲು ನಾನೇ ಕೂರುವುದು, ಎಲೆ ಅಡಿಕೆ ಪೆಟ್ಟಿಗೆಯಿಂದ ಶುರುಮಾಡಿ ನನ್ನದನ್ನೇ ಹೇಳತೊಡಗುವುದು, ಅವಳು ನಡುವೆ ಬಾಯಿ ಹಾಕುವ ತನಕ ನಿಲ್ಲಿಸದೇ ಇರುವುದು ಎಂದು ಗಟ್ಟಿಮಾಡಿಕೊಂಡೆ.

ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಉರಿ ಸಣ್ಣ ಮಾಡಿ, ಸಂಜೆ ಅವಳ ಕೈಗೆ ಸುಲಭವಾಗಿ ಎಟುಕಲೆಂದು ಡಬ್ಬಿಯನ್ನು ಕೆಳಗಿನ ಹಲಗೆಗೆ ಇಳಿಸಿದೆ. ಮುಚ್ಚಳವನ್ನು ಒತ್ತದೆ, ಹಾಗೇ ಮೇಲಿಟ್ಟೆ.